ಹಳೆಯ ಕಾರಿನ ಸಂಧಿಕಾರ್ಯ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿವರ್ಷವೂ ಈ ವೇದಿಕೆಯಿಂದ ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ನಾಲ್ಕು ಮಾತುಗಳನ್ನಾಡುವುದು ನನಗೆ ರೂಢಿಯಾಗಿ ಬಂದಿದೆ. ಈ ಸಲ ಮೋಟಾರು ಕಾರನ್ನು ಕುರಿತು ಮಾತನಾಡುವೆನೆಂದು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ನಕ್ಕುಬಿಟ್ಟರು. "ಮೇಷ್ಟ್ರಿಗೆ ಸೈಕಲ್ಲಿನ ಚೈನು ಕಳಚಿದರೆ ಹಾಕಲು ಹುಡುಗರು ಬೇಕು, ಅವರು ಕಾರಿನ ವಿಚಾರ ಏನು ಹೇಳಿಯಾರು?" ಎಂದರು. ಅವರ ಮಾತು ದಿಟ. ನಾನು ಯಂತ್ರಜ್ಞನಲ್ಲ. ಆದರೆ ಕಳೆದ ಒಂದು ವರ್ಷದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದನದ ಕೊಟ್ಟಿಗೆಯಲ್ಲಿ ನನಗೆ ಕಲಿಸಿದ ಪಾಠವನ್ನು ತಮ್ಮ ಮುಂದೆ ಒಪ್ಪಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಆ ಹುಡುಗನು ಹತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕಡೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದನು. ಸಂಧಿಪ್ರಕರಣವು ಅವನ ತಲೆಗೆ ಹತ್ತಲೇ ಇಲ್ಲ. ಲೋಪಕ್ಕೆ ಆಗಮವೆಂದೂ ಆಗಮಕ್ಕೆ ಆದೇಶವೆಂದೂ ಬರೆಯುತ್ತಿದ್ದನು. ಒಂದು ದಿನ ಬೇಸರಗೊಂಡು, "ಎರಡು ಪದ ಕೂಡಿಸಲು ಬಾರದವನು ಬಾಳಿನಲ್ಲಿ ಏನನ್ನು ಕೂಡಿಸುವೆ?" ಎಂದು ಎಲ್ಲರೆದುರಿಗೆ ಕೇಳಿದ್ದೆ. ಅವನು ಮರೆತಿರಬಹುದು, ನಾನು ಮರೆತಿಲ್ಲ. ಶಾಲೆ ಬಿಟ್ಟ ಮೇಲೆ ಅವನು ಘಟ್ಟವಿಳಿದು ಕೊಯಮತ್ತೂರಿನ ಮೋಟಾರು ಕಾರ್ಖಾನೆಯೊಂದರಲ್ಲಿ ಬೆಸುಗೆಯ ಕೆಲಸಕ್ಕೆ ಸೇರಿಕೊಂಡನು.

ಕಳೆದ ವರ್ಷ ಸಂತೆಯ ದಿನ ಅವನ ತಂದೆ ನನ್ನನ್ನು ತಡೆದು ನಿಲ್ಲಿಸಿದರು. "ಮೇಷ್ಟ್ರೇ, ನಮ್ಮ ಹೈದನಿಗೆ ನೀವೇ ಒಸಿ ಬುದ್ಧಿ ಹೇಳಿ. ಗುಜರಿಗೆ ಹಾಕೋ ತಗಡು ತಂದು ಕೊಟ್ಟಿಗೇಲಿ ಮಡಗವ್ನೆ. ಹಸ ಕಟ್ಟಾಕೆ ಜಾಗ ಇಲ್ಲ. ರೇಸಿಗೆ ಬಿಡ್ತೀನಿ ಅಂತಾನೆ. ಇರೋನು ಒಬ್ಬನೇ ಮಗ" ಎಂದರು. ಕಡೆಯ ಮಾತನ್ನು ಹೇಳುವಾಗ ಅವರ ದನಿ ಇಳಿಯಿತು. ಬುದ್ಧಿ ಹೇಳಲೆಂದೇ ನಾನು ಅಂದು ಸಂಜೆ ಅವರ ಮನೆಗೆ ಹೋದೆ.

ಕೊಟ್ಟಿಗೆಯಲ್ಲಿ ಒಂದು ಮಾರುತಿ 800 ಕಾರಿನ ಬರಿಯ ಕವಚ ನಾಲ್ಕು ಮರದ ದಿಮ್ಮಿಗಳ ಮೇಲೆ ಕುಳಿತಿತ್ತು. ಚಕ್ರವಿಲ್ಲ, ಎಂಜಿನ್ನಿಲ್ಲ, ಬಾಗಿಲಿಲ್ಲ, ಗಾಜಿಲ್ಲ. ಈ ಕಾರನ್ನು ಅರಿಯದವರು ನಮ್ಮಲ್ಲಿ ಯಾರೂ ಇರಲಾರರು. 1983ರ ಡಿಸೆಂಬರಿನಲ್ಲಿ ಮೊದಲನೆಯ ಕಾರು ಒಡೆಯನ ಕೈಸೇರಿತು. 2014ರಲ್ಲಿ ತಯಾರಿಕೆ ನಿಂತಿತು. ಮೂರು ಸಿಲಿಂಡರಿನ 796 ಘನ ಸೆಂಟಿಮೀಟರ್ ಎಂಜಿನ್ನು, ಸುಮಾರು 650 ಕಿಲೋಗ್ರಾಂ ತೂಕ. ಮದುವೆಗೆ, ಆಸ್ಪತ್ರೆಗೆ, ದೇವರ ದರ್ಶನಕ್ಕೆ ನಮ್ಮನ್ನೆಲ್ಲ ಹೊತ್ತು ತಿರುಗಿದ ಬಡಪಾಯಿ ಬಂಡಿ ಅದು. ನೋಂದಣಿ ರದ್ದಾಗಿ ಗುಜರಿಯಲ್ಲಿ ಬಿದ್ದಿದ್ದುದನ್ನು ಅವನು ತನ್ನ ಸಂಬಳದ ಉಳಿತಾಯದಿಂದ ಕೊಂಡು ತಂದಿದ್ದನು.

"ಇದರಲ್ಲಿ ಪಂದ್ಯಕ್ಕೆ ಹೋಗುವ ಗುಣ ಏನು ಕಂಡೆಯಪ್ಪಾ?" ಎಂದು ಕೇಳಿದೆ. "ಹಗುರ ಸಾರ್" ಎಂದನು. ಅಷ್ಟೇ ಅವನ ಉತ್ತರ. ಆ ಒಂದು ಮಾತಿನ ಅರ್ಥ ತಿಳಿಯಲು ನನಗೆ ಹಲವು ಸಂಜೆಗಳು ಹಿಡಿದವು.

ಮಹನೀಯರೇ, ಹಳೆಯ ಅಗ್ಗದ ಕಾರಿನಿಂದ ಪಂದ್ಯದ ಕಾರನ್ನು ಮಾಡುವುದು ನಮ್ಮ ಹುಡುಗನ ಹುಚ್ಚು ಮಾತ್ರವಲ್ಲ, ಅದಕ್ಕೊಂದು ಚರಿತ್ರೆಯುಂಟು. ಇಂಗ್ಲೆಂಡಿನಲ್ಲಿ 1922ರಲ್ಲಿ ಹರ್ಬರ್ಟ್ ಆಸ್ಟಿನ್ ಎಂಬಾತನು ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರನ್ನು ಜನರ ಮುಂದಿಟ್ಟನು. ಅದರ ನಕ್ಷೆಯನ್ನು ಬರೆಯಲು ನೆರವಾದ ಸ್ಟ್ಯಾನ್ಲಿ ಎಡ್ಜ್‌ನಿಗೆ ಆಗಿನ್ನೂ ಹದಿನೆಂಟರ ಹರೆಯ. ಮೋಟಾರ್ ಸೈಕಲ್ಲಿಗೆ ಪಕ್ಕದ ತೊಟ್ಟಿಲು ಕಟ್ಟಿಕೊಂಡು ಹೆಂಡತಿ ಮಕ್ಕಳನ್ನು ಕರೆದೊಯ್ಯುತ್ತಿದ್ದ ಸಾಮಾನ್ಯ ಸಂಸಾರಿಗಳು ಕೂಡ ಇದನ್ನು ಕೊಳ್ಳಬಹುದಾಗಿತ್ತು. 1939ರವರೆಗೆ ಇಂಥ ಕಾರುಗಳು ಎರಡೂವರೆ ಲಕ್ಷಕ್ಕೂ ಮಿಗಿಲಾಗಿ ತಯಾರಾದವು. ಎಂಜಿನ್ನಿನ ಗಾತ್ರ 747 ಘನ ಸೆಂಟಿಮೀಟರ್. ಎಂದರೆ ನಮ್ಮ ಮಾರುತಿಗಿಂತಲೂ ಕಿರಿದು. ಇವು ಹಳತಾಗಿ ಮೂಲೆ ಸೇರಿದಾಗ ಕೈಯಲ್ಲಿ ಹಣವಿಲ್ಲದ, ತಲೆಯಲ್ಲಿ ಯೋಚನೆಯಿದ್ದ ಯುವಕರು ಇವುಗಳ ಮೈಯನ್ನು ಕಳಚಿ ತಮ್ಮದೇ ಕಾರುಗಳನ್ನು ಕಟ್ಟತೊಡಗಿದರು. 1939ರಲ್ಲಿ ಇಂಥವರಿಗಾಗಿಯೇ 750 ಮೋಟಾರ್ ಕ್ಲಬ್ ಎಂಬ ಸಂಘವೂ ಹುಟ್ಟಿತು.

ಆ ಯುವಕರಲ್ಲಿ ಒಬ್ಬನು ಕಾಲಿನ್ ಚ್ಯಾಪ್‌ಮನ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತ, ಬಿಡುವಿನಲ್ಲಿ ಹಳೆಯ ಕಾರುಗಳ ವ್ಯಾಪಾರ ಮಾಡುತ್ತಿದ್ದನು. 1947ರಲ್ಲಿ ಅಲ್ಲಿನ ಸರ್ಕಾರವು ಸಾಮಾನ್ಯ ಜನರ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿದ್ದರಿಂದ ಕಾರುಗಳ ಬೆಲೆ ಕುಸಿದು ವ್ಯಾಪಾರ ಮುಳುಗಿತು. ಮಾರಾಟವಾಗದೆ ಉಳಿದದ್ದು ಒಂದು ಆಸ್ಟಿನ್ ಸೆವೆನ್. ತಾನು ಮುಂದೆ ಮದುವೆಯಾಗಲಿದ್ದ ಹೇಜಲ್ ಎಂಬಾಕೆಯ ತಂದೆತಾಯಿಗಳ ಮನೆಯ ಹಿಂದಿನ ಷೆಡ್ಡಿನಲ್ಲಿ ಆತನು ಆ ಕಾರಿನ ಮೈಯನ್ನು ಬಿಚ್ಚಿ, ಅಲ್ಯೂಮಿನಿಯಂ ತಗಡು ಹೊದಿಸಿದ ಪ್ಲೈವುಡ್ ಹಲಗೆಗಳಿಂದ ಹಗುರವೂ ಗಟ್ಟಿಯೂ ಆದ ಹೊಸ ಮೈಯನ್ನು ಕಟ್ಟಿದನು. 1948ರಲ್ಲಿ ಸಿದ್ಧವಾದ ಆ ಬಂಡಿಯು ಕೆಸರಿನ ದಿಬ್ಬಗಳನ್ನು ಏರುವ ಸ್ಪರ್ಧೆಗಳಿಗೆ ಹೋಯಿತು. ಅದಕ್ಕೆ ಆತನಿಟ್ಟ ಹೆಸರು ಲೋಟಸ್, ಎಂದರೆ ತಾವರೆ. ಕೆಸರಿನಲ್ಲಿ ಓಡಿದ್ದಕ್ಕೆ ತಕ್ಕ ಹೆಸರೆಂದು ನನಗನ್ನಿಸುತ್ತದೆ. ಅಲ್ಲಿಂದ ಹದಿನೈದು ವರ್ಷಗಳಲ್ಲಿ, 1963ರಲ್ಲಿ, ಜಿಮ್ ಕ್ಲಾರ್ಕ್ ಎಂಬ ಸಾರಥಿಯು ಲೋಟಸ್ ಕಾರಿನಲ್ಲಿ ಫಾರ್ಮುಲಾ ಒಂದರ ವಿಶ್ವವಿಜೇತನಾದನು.

ಜಗತ್ತಿನ ಇನ್ನೊಂದು ಮೂಲೆಯಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ, ಬ್ರೂಸ್ ಮೆಕ್‌ಲಾರೆನ್ ಎಂಬ ಹುಡುಗನಿದ್ದನು. ಸೊಂಟದ ಮೂಳೆಯ ರೋಗದಿಂದ ಅವನ ಒಂದು ಕಾಲು ಗಿಡ್ಡವಾಗಿ ಉಳಿದಿತ್ತು. ತಂದೆಯದು ಪೆಟ್ರೋಲ್ ಬಂಕು ಮತ್ತು ರಿಪೇರಿ ಅಂಗಡಿ. ಬಿಡಿಭಾಗಗಳಾಗಿ ಬಿಚ್ಚಿಹೋಗಿದ್ದ ಒಂದು ಹಳೆಯ ಆಸ್ಟಿನ್ ಸೆವೆನ್ ಕಾರನ್ನು ತಂದೆ ಮಗ ಇಬ್ಬರೂ ಕೂಡಿ ಜೋಡಿಸಿದರು. 1952ರಲ್ಲಿ ಆ ಹುಡುಗ ಅದರಲ್ಲಿ ಬೆಟ್ಟ ಹತ್ತುವ ಮೊದಲ ಸ್ಪರ್ಧೆಗೆ ಇಳಿದನು. 1963ರಲ್ಲಿ ಅವನು ಸ್ಥಾಪಿಸಿದ ತಂಡವು ಅವನ ಹೆಸರಿನಲ್ಲೇ ಇಂದಿಗೂ ಓಡುತ್ತಿದೆ. ಆದರೆ ಅವನು ಮಾತ್ರ 1970ರಲ್ಲಿ, ಇಂಗ್ಲೆಂಡಿನ ಗುಡ್‌ವುಡ್ಡಿನಲ್ಲಿ ಹೊಸ ಕಾರೊಂದನ್ನು ಪರೀಕ್ಷಿಸುವಾಗ ಅಪಘಾತಕ್ಕೆ ಸಿಕ್ಕಿ ಮಡಿದನು. ಆಗ ಅವನಿಗೆ ಮೂವತ್ತೆರಡು. ಈ ವಿದ್ಯೆಯ ಸಿರಿಯನ್ನು ಹೇಳುವವನು ಅದರ ಬೆಲೆಯನ್ನೂ ಹೇಳಬೇಕು. ನಮ್ಮ ಹುಡುಗನ ತಂದೆಯ ದನಿ ಇಳಿದದ್ದು ಸುಮ್ಮನೆ ಅಲ್ಲ.

ಇನ್ನು ಕೊಟ್ಟಿಗೆಗೆ ಮರಳೋಣ. ಆಸ್ಟಿನ್ ಸೆವೆನ್ನಿಗೂ ಮಾರುತಿಗೂ ಒಂದು ಮುಖ್ಯ ಭೇದವಿದೆ. ಹಳೆಯ ಕಾಲದ ಕಾರು ನಮ್ಮ ಎತ್ತಿನ ಗಾಡಿಯಂತೆ: ಕೆಳಗೆ ಭಾರ ಹೊರುವ ಉಕ್ಕಿನ ಚೌಕಟ್ಟು, ಮೇಲೆ ಕಮಾನು. ಕಮಾನನ್ನು ಕಿತ್ತರೂ ಗಾಡಿ ನಡೆಯುತ್ತದೆ. ಮಾರುತಿಯಂಥ ಕಾರಿನಲ್ಲಿ ಹಾಗೆ ಬೇರೆ ಚೌಕಟ್ಟಿಲ್ಲ. ತೆಳುವಾದ ತಗಡನ್ನು ಮಡಿಸಿ, ಚುಕ್ಕೆ ಚುಕ್ಕೆಯಾಗಿ ಬೆಸೆದು ಮಾಡಿದ ಕವಚವೇ ಭಾರವನ್ನು ಹೊರುತ್ತದೆ. ಮೊಟ್ಟೆಯ ಚಿಪ್ಪು ತನ್ನ ಆಕಾರದಿಂದಲೇ ಗಟ್ಟಿಯಾಗಿರುವಂತೆ. ಆದುದರಿಂದ ಇಲ್ಲಿ ಯಾವುದನ್ನು ಕೀಳಬಹುದು, ಯಾವುದನ್ನು ಕೀಳಬಾರದು ಎಂಬ ವಿವೇಕವೇ ಮೊದಲ ಪಾಠ.

ಅವನು ಕೀಳುತ್ತಿದ್ದುದನ್ನು ನೋಡುತ್ತ ಕುಳಿತ ನನಗೆ ಥಟ್ಟನೆ ಹೊಳೆಯಿತು: ಇದು ಲೋಪಸಂಧಿ! ಪೂರ್ವಪದದ ಕೊನೆಯ ಸ್ವರವು ಲೋಪವಾಗಬಹುದು. ಆದರೆ ಅರ್ಥ ಕೆಡಬಾರದು ಎಂಬುದು ನಮ್ಮ ವ್ಯಾಕರಣದ ಕಟ್ಟಳೆ. 'ಊರು', 'ಅಲ್ಲಿ' ಕೂಡಿ 'ಊರಲ್ಲಿ' ಆದಾಗ ಉಕಾರ ಹೋಯಿತು, ಊರು ಹೋಗಲಿಲ್ಲ. ಹಾಗೆಯೇ ಹಿಂದಿನ ಸೀಟು, ನೆಲಹಾಸು, ಬಾಗಿಲಿನ ಒಳಹೊದಿಕೆ, ರೇಡಿಯೋ ಎಲ್ಲ ಹೋದವು. ಸದ್ದು ತಡೆಯಲು ನೆಲಕ್ಕೆ ಅಂಟಿಸಿದ್ದ ಡಾಂಬರಿನಂಥ ಪದರವನ್ನು ಬಿಸಿ ಮಾಡಿ ಉಳಿಯಿಂದ ಕೆರೆದದ್ದಕ್ಕೇ ಒಂದು ವಾರ ಹಿಡಿಯಿತು. ಕೆರೆದಾಗ ಅಡಗಿದ್ದ ತುಕ್ಕು ಬಯಲಾಯಿತು. ಆ ತಗಡನ್ನು ಕತ್ತರಿಸಿ ಹೊಸ ತಗಡನ್ನು ಬೆಸೆದನು. ಆದರೆ ಚಕ್ರದ ಕಂಬಿಗಳು ಸೇರುವ ಮೂಲೆಗಳನ್ನಾಗಲಿ, ಬಾಗಿಲಿನ ಕೆಳಗಿನ ಪೆಟ್ಟಿಗೆಯಾಕಾರದ ತೊಲೆಗಳನ್ನಾಗಲಿ ಹಗುರದ ಆಸೆಗೆ ಮುಟ್ಟಲಿಲ್ಲ. ಅಲ್ಲಿ ಲೋಪ ಮಾಡಿದರೆ ಅರ್ಥವೇ ಕೆಡುತ್ತದೆ.

ಹಗುರದಿಂದ ಏನು ಲಾಭ? ಒಂದು ಲೆಕ್ಕ ಹೇಳುತ್ತೇನೆ, ಮಕ್ಕಳು ಗಮನಿಸಬೇಕು. 650 ಕಿಲೋಗ್ರಾಂ ತೂಕದ ಕಾರಿಗೆ 40 ಕುದುರೆಗಳ ಶಕ್ತಿಯಿದೆಯೆಂದು ಇಟ್ಟುಕೊಳ್ಳಿ. ಒಂದೊಂದು ಕುದುರೆಯ ಪಾಲಿಗೆ 16 ಕಿಲೋಗ್ರಾಂಗೂ ಸ್ವಲ್ಪ ಹೆಚ್ಚು ಹೊರೆ. ಅದೇ ಕಾರನ್ನು 520 ಕಿಲೋಗ್ರಾಂಗೆ ಇಳಿಸಿದರೆ ಒಂದು ಕುದುರೆಗೆ 13 ಕಿಲೋಗ್ರಾಂ. ತೂಕ ಇಳಿಸದೆ ಈ ಪ್ರಮಾಣವನ್ನು ಪಡೆಯಬೇಕಾದರೆ 50 ಕುದುರೆಗಳ ಎಂಜಿನ್ನು ಬೇಕು. ಹೀಗೆ ಉಳಿ ಹಿಡಿದು ಕೆರೆದವನು ಕಾಸು ಖರ್ಚಿಲ್ಲದೆ ಹತ್ತು ಕುದುರೆಗಳನ್ನು ಕಟ್ಟಿದಂತಾಯಿತು. ದೊಡ್ಡ ಎಂಜಿನ್ನು ನೇರ ದಾರಿಯಲ್ಲಿ ಮಾತ್ರ ನೆರವಾದೀತು. ಹಗುರವಾದ ಮೈ ಓಡುವಾಗಲೂ ತಿರುಗುವಾಗಲೂ ನಿಲ್ಲುವಾಗಲೂ ನೆರವಾಗುತ್ತದೆ.

ನಿಲ್ಲುವ ವಿಷಯವೇ ಎರಡನೆಯ ಪಾಠ. ವೇಗವು ಎರಡರಷ್ಟಾದರೆ ನಿಲ್ಲಿಸಲು ತಡೆಯಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಸಾಕಾಗುವ ಬ್ರೇಕು 100ರಲ್ಲಿ ನಾಲ್ಕು ಪಟ್ಟು ಕೆಲಸ ಮಾಡಬೇಕು. ಆ ಶಕ್ತಿಯೆಲ್ಲ ಶಾಖವಾಗುತ್ತದೆ. ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿದು ಬಣ್ಣಾರಿಯಲ್ಲಿ ನಿಂತ ಎಲೆಕೋಸಿನ ಲಾರಿಯಿಂದ ಬರುವ ಸುಟ್ಟ ವಾಸನೆಯನ್ನು ನಾವೆಲ್ಲರೂ ಬಲ್ಲೆವು. ಶಾಖ ಮಿತಿಮೀರಿದರೆ ಬ್ರೇಕಿನ ದ್ರವ ಕುದಿದು ಆವಿಯಾಗುತ್ತದೆ. ಆಗ ಪೆಡಲನ್ನು ಒತ್ತಿದರೆ ಆವಿ ಕುಗ್ಗುತ್ತದೆಯೇ ಹೊರತು ಚಕ್ರ ನಿಲ್ಲುವುದಿಲ್ಲ. ಆದುದರಿಂದ ಅವನು ಹೆಚ್ಚು ಶಾಖಕ್ಕೆ ಕುದಿಯುವ ದ್ರವವನ್ನು ಹಾಕಿ, ಬ್ರೇಕಿನ ಪ್ಯಾಡುಗಳನ್ನು ಬದಲಾಯಿಸಿದನು. ಸವೆದ ರಬ್ಬರ್ ಬುಷ್‌ಗಳಿಗೆ ಬದಲಾಗಿ ಗಡುಸಾದವು, ಮೆತ್ತನೆಯ ಸ್ಪ್ರಿಂಗುಗಳಿಗೆ ಬದಲಾಗಿ ಬಿರುಸಾದವು ಬಂದವು. 'ಮಳೆ', 'ಕಾಲ' ಕೂಡಿ 'ಮಳೆಗಾಲ' ಆಗುವಾಗ ಕಕಾರದ ಸ್ಥಾನದಲ್ಲಿ ಗಕಾರ ಬರುವಂತೆ ಇದು ಆದೇಶಸಂಧಿ.

ಇನ್ನುಳಿದದ್ದು ಆಗಮ. ಇದೇ ಎಲ್ಲಕ್ಕಿಂತ ಮಿಗಿಲಾದದ್ದು. ಲೋಪ ಮಾಡಿದರೆ ಅರ್ಥ ಕೆಡುವಲ್ಲಿ ವ್ಯಾಕರಣವು ಹೊಸದೊಂದು ಅಕ್ಷರವನ್ನು ತಂದು ಪದವನ್ನು ಕಾಯುತ್ತದೆ. 'ಮನೆ', 'ಅನ್ನು' ಎಂಬುದರ ನಡುವೆ ಯಕಾರ ಬಂದು 'ಮನೆಯನ್ನು' ಆಗುವುದಿಲ್ಲವೇ? ಪಂದ್ಯದ ಕಾರಿನಲ್ಲಿ ಹಾಗೆ ಕಾಯಲು ಬರುವುದು ಉಕ್ಕಿನ ಪಂಜರ. ರೋಲ್ ಕೇಜ್ ಎನ್ನುತ್ತಾರೆ. ಕಾರು ಮಗುಚಿದರೂ ಸಾರಥಿಯ ಸುತ್ತಲಿನ ಜಾಗ ಕುಗ್ಗದಂತೆ ಅದು ಹಿಡಿದು ನಿಲ್ಲುತ್ತದೆ. ಸೀಟಿನ ಹಿಂದೆ ಒಂದು ಮುಖ್ಯ ಕಮಾನು, ಮುಂದಕ್ಕೂ ಹಿಂದಕ್ಕೂ ಚಾಚಿದ ಕೊಳವೆಗಳು, ಅಡ್ಡಡ್ಡಲಾಗಿ ಓರೆ ಕೊಳವೆಗಳು. ನೀರಿನ ಪೈಪು ಇದಕ್ಕೆ ಆಗದು. ಜೋಡಣೆಯ ಗೆರೆಯಿಲ್ಲದೆ ಎಳೆದ ಉಕ್ಕಿನ ಕೊಳವೆಯೇ ಆಗಬೇಕು. ಅಂತರರಾಷ್ಟ್ರೀಯ ನಿಯಮದಂತೆ ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸವೂ 2.5 ಮಿಲಿಮೀಟರ್ ದಪ್ಪವೂ, ಇಲ್ಲವೇ 50 ವ್ಯಾಸವೂ 2 ದಪ್ಪವೂ ಕನಿಷ್ಠ. ಅದರ ಪಾದಗಳನ್ನು ತೆಳು ತಗಡಿನ ಮೇಲೆ ನೇರವಾಗಿ ಊರಿದರೆ ಅಪಘಾತದಲ್ಲಿ ತೂತು ಕೊರೆದು ಇಳಿದುಬಿಡುತ್ತವೆ. ಆದುದರಿಂದ ಒಂದೊಂದು ಪಾದದ ಕೆಳಗೂ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರಿಗೆ ಕಡಿಮೆಯಿಲ್ಲದ ಉಕ್ಕಿನ ತಟ್ಟೆ ಬೇಕು. ಜೊತೆಗೆ ಮೈಯನ್ನು ಬಿಗಿಹಿಡಿಯುವ ಸೀಟು, ಹೆಗಲು ಸೊಂಟ ತೊಡೆಗಳನ್ನು ಕಟ್ಟುವ ಪಟ್ಟಿಗಳು, ಬೆಂಕಿ ಆರಿಸುವ ಸಿಲಿಂಡರು, ಒಂದೇ ತಿರುವಿಗೆ ವಿದ್ಯುತ್ತನ್ನೆಲ್ಲ ನಿಲ್ಲಿಸುವ ಸ್ವಿಚ್ಚು.

ಇಲ್ಲೊಂದು ಸ್ವಾರಸ್ಯವಿದೆ. ಬೆವರು ಸುರಿಸಿ ಕಳೆದ ತೂಕದಲ್ಲಿ ಒಂದು ಪಾಲು ಈ ಪಂಜರದ ರೂಪದಲ್ಲಿ ಮರಳಿ ಬಂದುಬಿಡುತ್ತದೆ! "ಇಷ್ಟು ಕೆರೆದು ಇಷ್ಟು ಸೇರಿಸಿದೆಯಲ್ಲೋ" ಎಂದೆ. "ಸಾರ್, ಮೊದಲಿದ್ದ ತೂಕ ಸುಖಕ್ಕೆ. ಈ ತೂಕ ಜೀವಕ್ಕೆ" ಎಂದನು. ಅವನ ತಂದೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಏನೂ ಅನ್ನಲಿಲ್ಲ, ಆದರೆ ಮರುದಿನ ಹಸುವನ್ನು ಹಿತ್ತಲಿನ ಚಪ್ಪರಕ್ಕೆ ಸಾಗಿಸಿದ್ದರು.

ಇಷ್ಟಾಗಿ ಕಾರು ಕೊಯಮತ್ತೂರಿಗೆ ಹೊರಟಿತು. ಆ ಊರು ಈ ವಿದ್ಯೆಗೆ ತವರು. ಮದರಾಸಿನ ಬಳಿಯ ಶೋಳವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನಪಟ್ಟಿಯ ಮೇಲೆ ದಶಕಗಳ ಕಾಲ ಪಂದ್ಯಗಳು ನಡೆದವು. 1953ರಲ್ಲಿ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಸ್ಥಾಪನೆಯಾಯಿತು. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಪಂದ್ಯಕ್ಕೆಂದೇ ಪಥ ಸಿದ್ಧವಾಯಿತು. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಇದೇ ಮಾರುತಿ 800ರ ಎಂಜಿನ್ನನ್ನು ಹಿಡಿದು ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ಪಂದ್ಯದ ಕಾರನ್ನು ರಚಿಸಿ, ಶ್ರೀಮಂತರ ಆಟವಾಗಿದ್ದುದನ್ನು ಇತರರ ಕೈಗೂ ಎಟಕುವಂತೆ ಮಾಡಿದರು. 1995ರಲ್ಲಿ ವಿಮಾನಾಪಘಾತದಲ್ಲಿ ಅವರು ತೀರಿಕೊಂಡರು. 2003ರಲ್ಲಿ ತೆರೆದ ಅಲ್ಲಿಯ ಪಂದ್ಯಪಥಕ್ಕೆ ಅವರದೇ ಹೆಸರಿದೆ. ಫಾರ್ಮುಲಾ ಮಾರುತಿಯಲ್ಲಿ ಓಡಿಸಿ ಬೆಳೆದ ಆ ಊರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒಂದಕ್ಕೆ ಇಳಿದ ಪ್ರಥಮ ಭಾರತೀಯರಾದರು. ನಮ್ಮ ಸಂತೆಯ ಮುಂದೆ ನಿಲ್ಲುತ್ತಿದ್ದ ಬಂಡಿಯ ಎಂಜಿನ್ನಿಗೂ ಇಂಥ ವಂಶಾವಳಿಯಿದೆಯೆಂಬುದು ನನಗೆ ತಿಳಿದಿರಲಿಲ್ಲ.

ನಮ್ಮ ಹುಡುಗನ ಕಾರನ್ನು ಲಾರಿಯ ಮೇಲೆ ಏರಿಸಿ ಘಟ್ಟವಿಳಿಸಿದರು. ಏಕೆಂದರೆ ಅದು ರಸ್ತೆಯಲ್ಲಿ ಒಂದು ಗಜವೂ ಓಡಕೂಡದು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿಯು ಕಾರಿನ ಮೂಲ ರಚನೆಯನ್ನು ಮನಬಂದಂತೆ ಮಾರ್ಪಡಿಸಿ ರಸ್ತೆಗಿಳಿಸುವುದನ್ನು ತಡೆಯುತ್ತದೆ. 189ನೆಯ ವಿಧಿಯು ಸರ್ಕಾರದ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ನಡೆಸುವುದನ್ನು ದಂಡಿಸುತ್ತದೆ. ದಿಂಬಂ ತಿರುವುಗಳಲ್ಲಿ ಗೆಳೆಯರೊಡನೆ ಪಣ ಕಟ್ಟಿ ಓಡಿಸುವ ತರುಣರು ಈ ಸಭೆಯಲ್ಲಿದ್ದರೆ ಅವರಿಗೆ ನನ್ನ ಮಾತು ಇಷ್ಟೇ: ಪಂಜರ, ಪಟ್ಟಿ, ವೈದ್ಯ, ಬೆಂಕಿಯ ಕಾವಲು ಎಲ್ಲವೂ ಇರುವ ಪಥದಲ್ಲೂ ಪರೀಕ್ಷೆಯಿಲ್ಲದೆ ಕಾರನ್ನು ಬಿಡುವುದಿಲ್ಲ. ಆನೆಯೂ ಲಾರಿಯೂ ಎದುರಾಗುವ ಘಟ್ಟದಲ್ಲಿ ನಿಮ್ಮನ್ನು ಪರೀಕ್ಷಿಸುವವರು ಯಾರು?

ಆ ಪರೀಕ್ಷೆಯಲ್ಲಿ ನಮ್ಮ ಹುಡುಗನ ಕಾರು ತೇರ್ಗಡೆಯಾಗಲಿಲ್ಲ. ಪಂಜರದ ಮೇಲ್ಭಾಗದ ಕೊಳವೆಗಳು ಕಾರಿನ ಛಾವಣಿಗೆ ತೀರ ಒತ್ತಾಗಿರುತ್ತವೆ. ಅವುಗಳ ಕೆಳಗಡೆ ಬೆಸೆಯುವುದು ಸುಲಭ. ಮೇಲುಗಡೆಗೆ ಕೈಯೂ ಹೋಗದು, ಕಣ್ಣೂ ಹೋಗದು. ಪರೀಕ್ಷಕರು ಪುಟ್ಟ ಕನ್ನಡಿಯೊಂದನ್ನು ಆ ಸಂದಿಗೆ ತೂರಿಸಿ ನೋಡಿದರು. ಮೂರು ಕಡೆಗಳಲ್ಲಿ ಬೆಸುಗೆ ಸುತ್ತಲೂ ಪೂರ್ಣವಾಗಿ ಬಂದಿರಲಿಲ್ಲ. "ಇದು ಓಡಕೂಡದು" ಎಂದು ಬರೆದುಕೊಟ್ಟರು.

ನಾನಾಗಿದ್ದರೆ ವಾದಿಸುತ್ತಿದ್ದೆ. ಅವನು ವಾದಿಸಲಿಲ್ಲ. ಕಾರನ್ನು ಕೊಟ್ಟಿಗೆಗೆ ಮರಳಿ ತಂದು, ಪಂಜರದ ಪಾದಗಳನ್ನು ಬಿಡಿಸಿ, ಪಾದಗಳ ಕೆಳಗೆ ನೆಲದ ತಗಡಿನಲ್ಲಿ ಕಿಂಡಿಗಳನ್ನು ಕೊರೆದನು. ಪಂಜರವು ಅಂಗೈ ಅಗಲದಷ್ಟು ಕೆಳಗೆ ಜಾರಿತು. ಈಗ ಛಾವಣಿಗೂ ಕೊಳವೆಗೂ ನಡುವೆ ಕೈಯಾಡುವಷ್ಟು ಜಾಗವಾಯಿತು. ಮೇಲಿನ ಸಂಧಿಗಳನ್ನೆಲ್ಲ ಸುತ್ತಲೂ ಬೆಸೆದು, ಪಂಜರವನ್ನು ಮತ್ತೆ ಎತ್ತಿ, ಕಿಂಡಿಗಳ ಮೇಲೆ ದಪ್ಪ ತಟ್ಟೆಗಳನ್ನು ಮುಚ್ಚಿ ಬೆಸೆದು ಪಾದಗಳನ್ನು ಊರಿದನು. ಬಲ್ಲವರು ಮೊದಲೇ ಹೀಗೆ ಮಾಡುತ್ತಾರಂತೆ. ಚೆನ್ನಾಗಿ ದುರಸ್ತು ಮಾಡಿದ ನೆಲವನ್ನು ಮತ್ತೆ ಕೊರೆಯಲು ಮನಸ್ಸಾಗದೆ ತಾನು ಬಿಟ್ಟಿದ್ದೆನೆಂದು ಅವನೇ ಒಪ್ಪಿಕೊಂಡನು. ಈ ಕೆಲಸಕ್ಕೆ ಹನ್ನೊಂದು ರಾತ್ರಿಗಳು ಹಿಡಿದವು. ದೀಪ ಹಿಡಿದು ನಿಂತವರು ಅವನ ತಂದೆ.

ಮುಗಿದ ದಿನ ನನಗೆ ಹೇಳಿಕಳುಹಿಸಿದನು. ಛಾವಣಿಯ ಸಂದಿಗೆ ಕನ್ನಡಿ ಹಿಡಿದು, "ಸಾರ್, ಈ ಸಂಧಿ ಸರಿಯಾಗಿದೆಯಾ ನೋಡಿ" ಎಂದನು. ಯಾವ ಪ್ರೇಕ್ಷಕನ ಕಣ್ಣಿಗೂ ಎಂದೆಂದಿಗೂ ಬೀಳದ ಜಾಗದಲ್ಲಿ ಬೆಸುಗೆಯು ಸುತ್ತಲೂ ಒಂದೇ ಸಮನಾಗಿ ಹೆಣೆದುಕೊಂಡಿತ್ತು. ನನಗೆ ಕೂಡಲೇ ಮಾತು ಹೊರಡಲಿಲ್ಲ. ಹತ್ತು ವರ್ಷಗಳ ಹಿಂದಿನ ನನ್ನ ಪ್ರಶ್ನೆಗೆ ಉತ್ತರ ಆ ಕನ್ನಡಿಯಲ್ಲಿತ್ತು. "ಹತ್ತಕ್ಕೆ ಹತ್ತು ಅಪ್ಪಾ" ಎಂದೆ. ಅವನಿಗೂ ಆ ದಿನದ ನೆನಪಿದ್ದಿತೆಂದು ಅವನು ತಲೆ ತಗ್ಗಿಸಿ ನಕ್ಕಾಗ ನನಗೆ ತಿಳಿಯಿತು.

ಎರಡನೆಯ ಸಲ ಕಾರು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಪಂದ್ಯದಲ್ಲಿ ಅವನಿಗೆ ಬಹುಮಾನವೇನೂ ಬರಲಿಲ್ಲ. ಕಡೆಯಿಂದ ಮೂರನೆಯವನಾಗಿ ಬಂದನು. ಅವನ ತಂದೆ ಬೇಲಿಯ ಹೊರಗೆ ನಿಂತು ಸುತ್ತುಗಳನ್ನು ಬೆರಳಲ್ಲಿ ಎಣಿಸಿದರಂತೆ. ಮಗನು ಕಾರಿನಿಂದ ಇಳಿದು ನಡೆದು ಬಂದದ್ದೇ ತಮ್ಮ ಪಾಲಿನ ಬಹುಮಾನವೆಂದು ನನ್ನೊಡನೆ ಹೇಳಿದರು.

ತಂದೆತಾಯಿಗಳೇ, ನಿಮ್ಮ ಮಕ್ಕಳನ್ನೆಲ್ಲ ಪಂದ್ಯಕ್ಕೆ ಕಳುಹಿಸಿರೆಂದು ನಾನು ಹೇಳುತ್ತಿಲ್ಲ. ಕೊಟ್ಟಿಗೆಯಲ್ಲಿ ಹಳೆಯ ತಗಡನ್ನು ಕೆರೆಯುತ್ತಿರುವ ಹುಡುಗನನ್ನು ಬಯ್ಯುವ ಮುನ್ನ ಒಂದು ಸಂಜೆ ಅವನ ಬಳಿ ಕುಳಿತು ನೋಡಿ ಎಂದಷ್ಟೇ ನನ್ನ ಬಿನ್ನಹ. ನಮ್ಮಂಥ ಉಪಾಧ್ಯಾಯರಿಗೂ ಅದೇ ಮಾತು ಸಲ್ಲುತ್ತದೆ. ತರುಣರೇ, ನಿಮಗೆ ಹೇಳುವುದು ಬೇರೆ: ಏನನ್ನು ಕಟ್ಟಿದರೂ ಬೇಡವಾದದ್ದನ್ನು ಧೈರ್ಯವಾಗಿ ಕಳೆಯಿರಿ, ಹಳಸಿದ್ದನ್ನು ಬದಲಿಸಿರಿ, ಜೀವ ಕಾಯುವುದನ್ನು ತೂಕ ನೋಡದೆ ಸೇರಿಸಿರಿ. ಕಣ್ಣಿಗೆ ಕಾಣದ ಸಂಧಿಯನ್ನು ಕಾಣುವ ಸಂಧಿಯಷ್ಟೇ ಶುದ್ಧವಾಗಿ ಬೆಸೆಯಿರಿ.